ಸಮುದ್ರಮಟ್ಟದ ಕೆಳಗೆ ಸೈಕಲ್ ಸವಾರಿ

ಸೈಕಲ್ ತುಳಿದು 30 ವರ್ಷವಾಗಿತ್ತು. ಅರಸೀಕೆರೆ ಕಡೆಯ ಒಂದು ಹಳ್ಳಿಯ ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ಹೋಗಿಬರಲು ದಿನಾ 12 ಕಿಲೋಮೀಟರ್ ತುಳಿಯುತ್ತಿದ್ದೆ. ಆಮೇಲೆ ಸ್ಕೂಟರ್ ಬಂತು. ಸ್ಕೂಟರ್ ಹೋದ ಮೇಲೆ ಮಂಡಿನೋವು ಬಂತು. ಹಾಗಾಗಿ ಹೋದ ಜೂನ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಮಗಳ ಮನೆಯಲ್ಲಿದ್ದಾಗ, ಹನ್ನೊಂದು ವರ್ಷದ ಮೊಮ್ಮಗ ಚಿನ್ಮಯ, “ತಾತ, ಶನಿವಾರ ಸೈಕಲ್ಲಲ್ಲಿ ಹಳ್ಳಿ ಕಡೆ ಹೋಗೋಣ, ಬರ್ತೀಯಾ?” ಎಂದು ಕೇಳಿದರೆ ನಾನು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. ಉತ್ತರ ಕೊಟ್ಟವಳು ನನ್ನ ಹೆಂಡತಿ. “ಬೀಳೋ ವಯಸ್ಸಲ್ಲ ಕಣೋ ಅವರದು, ಸುಮ್ನಿರು.”

ಆ ಮಾತು ಕೇಳಿದ ಮೇಲೆ ಹೋಗದೆ ಇರುವುದು ಹೇಗೆ?

ಮಗಳ ಮನೆ ಇರುವುದು ಆಮ್‌ಸ್ಟರ್‌ಡಾಮ್‌ನ ಉತ್ತರಕ್ಕಿರುವ ಪುರ್ಮರೆಂಡ್ ಎಂಬ ಊರಿನಲ್ಲಿ. ನೆದರ್‌ಲ್ಯಾಂಡ್ಸ್‌ನಲ್ಲಿ ಜನರಿಗಿಂತ ಸೈಕಲ್‌ಗಳೇ ಹೆಚ್ಚು, ಆದ್ದರಿಂದ ನನಗೊಂದು ಸೈಕಲ್ ಹುಡುಕುವುದು ಕಷ್ಟವಾಗಲಿಲ್ಲ. ಪಕ್ಕದ ಮನೆಯವರು ತಮ್ಮದನ್ನು ಕೊಟ್ಟರು. ಎತ್ತರದ ಕಪ್ಪು ಸೈಕಲ್ಲು, ನೆಟ್ಟಗೆ ಕೂರುವ ಸೀಟು. ಮನೆ ಮುಂದೆ ಒಂದು ಸುತ್ತು ಹೊಡೆದೆ. ತುಳಿಯುವುದು ಮರೆತಿರಲಿಲ್ಲ. ಇಳಿಯುವ ಮೊದಲು ಹಳೆಯ ಅಭ್ಯಾಸದಂತೆ ಪೆಡಲನ್ನು ಹಿಂದಕ್ಕೆ ತಿರುಗಿಸಿದೆ ನೋಡಿ, ಸೈಕಲ್ ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ಪಕ್ಕದ ಬೇಲಿಗಿಡದ ಮೇಲೆ ಬಿದ್ದೆ. ಅಲ್ಲಿಯ ಬಹಳಷ್ಟು ಸೈಕಲ್‌ಗಳಿಗೆ ಪೆಡಲಿನಲ್ಲೇ ಬ್ರೇಕ್. ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ. ನಮ್ಮ ಸೈಕಲ್‌ಗಳಲ್ಲಿ ಹಿಂದಕ್ಕೆ ತಿರುಗಿಸಿದರೆ ಟಿಕಟಿಕ ಸದ್ದು ಬಿಟ್ಟು ಏನೂ ಆಗುವುದಿಲ್ಲವಲ್ಲ. ಮೊಣಕೈ ತರಚಿತ್ತು. ಅಂಗಿಯ ತೋಳು ಇಳಿಸಿಕೊಂಡು ಒಳಗೆ ಹೋದೆ, ಹೆಂಡತಿಗೆ ಹೇಳಲಿಲ್ಲ. ಈ ಪತ್ರಿಕೆಯಲ್ಲಿ ಓದಿಯೇ ಅವಳಿಗೆ ತಿಳಿಯಬೇಕು.

ಶನಿವಾರ ಬೆಳಿಗ್ಗೆ ಚಿತ್ರಾನ್ನದ ಡಬ್ಬಿ, ನೀರಿನ ಬಾಟಲು ಕಟ್ಟಿಕೊಂಡು ಹೊರಟೆವು. ಚಿನ್ಮಯ ಮುಂದೆ, ನಾನು ಹಿಂದೆ. ಅವನ ಹ್ಯಾಂಡಲ್ಲಿಗೆ ಸಿಕ್ಕಿಸಿದ ಒಂದು ಚೀಟಿಯಲ್ಲಿ ಬರೀ ಸಂಖ್ಯೆಗಳಿದ್ದವು. ಊರಿನ ಹೆಸರಿಲ್ಲ, ರಸ್ತೆಯ ಹೆಸರಿಲ್ಲ. “ಇದೇನೋ, ಲಾಟರಿ ನಂಬರಾ?” ಎಂದೆ. ಅದೇ ನಕ್ಷೆ ಎಂದ. ಆ ದೇಶದ ಸೈಕಲ್ ದಾರಿಗಳು ಸೇರುವ ಕಡೆಯೆಲ್ಲ ಒಂದು ಕಂಬ, ಕಂಬಕ್ಕೊಂದು ಸಂಖ್ಯೆ. ಮುಂದಿನ ಸಂಖ್ಯೆಗೆ ಹೋಗುವ ದಾರಿಗೆ ಬಾಣದ ಗುರುತು. ಮನೆಯಲ್ಲಿ ಕೂತು ಸಂಖ್ಯೆಗಳನ್ನು ಬರೆದುಕೊಂಡರೆ ಸಾಕು, ಭಾಷೆ ಬಾರದವನೂ ದಾರಿ ತಪ್ಪುವುದಿಲ್ಲ. ಈ ಉಪಾಯ ಹೊಳೆದದ್ದು ಪಕ್ಕದ ಬೆಲ್ಜಿಯಂನ ಹ್ಯೂಗೊ ಬೋಲನ್ ಎಂಬ ಗಣಿ ಇಂಜಿನಿಯರ್‌ಗೆ. ಕಲ್ಲಿದ್ದಲು ಗಣಿಯ ಕತ್ತಲಲ್ಲಿ ಕೆಲಸಗಾರರು ದಾರಿ ತಪ್ಪದಿರಲೆಂದು ಸುರಂಗಗಳು ಕೂಡುವಲ್ಲಿ ಸಂಖ್ಯೆ ಹಾಕುತ್ತಿದ್ದರಂತೆ. ಅದನ್ನೇ ನೆಲದ ಮೇಲೆ ಸೈಕಲ್ ದಾರಿಗಳಿಗೆ ತಂದರು. 1995ರಲ್ಲಿ ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ ಮೊದಲು ಬಂತು, ಆಮೇಲೆ ಈ ಕಡೆಗೂ ಹಬ್ಬಿತು. ಜೀವನವೆಲ್ಲ ಸಂಖ್ಯೆಗಳ ಜೊತೆ ಕಳೆದವನಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇಕೆ?

ಊರು ಮುಗಿಯುತ್ತಿದ್ದಂತೆ ಒಂದು ಕಾಲುವೆ ಅಡ್ಡ ಬಂತು. ಸೇತುವೆ ದಾಟಿದೆವು. ದಾಟಿದ ಮೇಲೆ ರಸ್ತೆ ಇಳಿಜಾರಾಗಿ ಕೆಳಕ್ಕೆ ಹೋಯಿತು. ಸ್ವಲ್ಪ ದೂರ ಹೋಗಿ ಚಿನ್ಮಯ ನಿಂತು, “ಹಿಂದೆ ನೋಡು ತಾತ” ಎಂದ. ನೋಡಿದರೆ ಕಾಲುವೆಯಲ್ಲಿ ಒಂದು ದೋಣಿ ಹೋಗುತ್ತಿದೆ, ನಮ್ಮ ತಲೆಗಿಂತ ಮೇಲೆ!

ನಮ್ಮ ಕೆರೆಗಳನ್ನು ನೆನಪಿಸಿಕೊಳ್ಳಿ. ಕೆರೆಯ ಏರಿಯ ಒಳಗೆ ನೀರು, ಹೊರಗೆ ಗದ್ದೆ. ಇಲ್ಲಿ ಅದು ತಿರುವುಮುರುವು. ಏರಿಯ ಒಳಗೆ ಗದ್ದೆ, ಹೊರಗೆ ನೀರು. ನಾವಿಬ್ಬರೂ ಸೈಕಲ್ ತುಳಿಯುತ್ತಿದ್ದದ್ದು ಒಂದು ಕೆರೆಯಂಗಳದಲ್ಲಿ. ಕೆರೆಯೆಂದರೆ ಸಣ್ಣದಲ್ಲ, ಸುಮಾರು 7,000 ಹೆಕ್ಟೇರ್ ಹರಡಿದ್ದ ಬೇಮ್‌ಸ್ಟರ್ ಎಂಬ ಸರೋವರ. ಅದರ ತಳವೇ ಈಗಿನ ಹೊಲ. ಸಮುದ್ರಮಟ್ಟಕ್ಕಿಂತ ಸುಮಾರು ಮೂರೂವರೆ ಮೀಟರ್ ಕೆಳಗೆ.

ಇದು ನಡೆದದ್ದು ಇಂಜಿನ್ನೂ ಇಲ್ಲದ, ಕರೆಂಟೂ ಇಲ್ಲದ ಕಾಲದಲ್ಲಿ. 1607ರಲ್ಲಿ ಆಮ್‌ಸ್ಟರ್‌ಡಾಮ್‌ನ ವ್ಯಾಪಾರಿಗಳು ಸೇರಿ ಬಂಡವಾಳ ಹಾಕಿದರು. ಅವರಲ್ಲಿ ಮುಖ್ಯನಾದ ಡರ್ಕ್ ಫಾನ್ ಓಸ್, ಡಚ್ ಈಸ್ಟ್ ಇಂಡಿಯಾ ಕಂಪನಿಯನ್ನು ಕಟ್ಟಿದವರಲ್ಲೂ ಒಬ್ಬ. ಸರೋವರದ ಸುತ್ತ ಏರಿ ಕಟ್ಟಿದರು, ಏರಿಯ ಹೊರಗೆ ಉಂಗುರದಂತೆ ಕಾಲುವೆ ತೋಡಿದರು. ಆ ಕಾಲುವೆಯಲ್ಲೇ ದೋಣಿ ಹೋಗುತ್ತಿದ್ದದ್ದು. ಏರಿಯ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿ, ನೀರನ್ನು ಎತ್ತಿ ಎತ್ತಿ ಆ ಕಾಲುವೆಗೆ ಸುರಿದರು. ನಮ್ಮ ಏತದ ಕೆಲಸವೇ, ಆದರೆ ಎಳೆಯುವವನು ಗಾಳಿ. 1610ರ ಚಳಿಗಾಲದಲ್ಲಿ ಇನ್ನೇನು ಮುಗಿಯಬೇಕು ಎನ್ನುವಾಗ ಬಿರುಗಾಳಿಗೆ ಏರಿ ಒಡೆದು ಸರೋವರ ಮತ್ತೆ ತುಂಬಿತು. ಹಾಕಿದ ಹಣ ನೀರುಪಾಲಾಗುವುದು ಎಂದು ನಾವು ಬಾಯಿಮಾತಿಗೆ ಹೇಳುತ್ತೇವಲ್ಲ, ಅಲ್ಲಿ ಅದು ಕಣ್ಣೆದುರೇ ಆಯಿತು. ಅವರು ಬಿಡಲಿಲ್ಲ. ಏರಿಯನ್ನು ಎತ್ತರಿಸಿ ಮತ್ತೆ ಶುರುಮಾಡಿದರು. 1612ರಲ್ಲಿ ನೆಲ ಒಣಗಿತು.

ಒಣಗಿದ ನೆಲವನ್ನು ಚೌಕಾಬಾರದ ಮನೆಯಂತೆ ಅಚ್ಚುಕಟ್ಟಾಗಿ ಹಂಚಿದರು. ಒಂದೊಂದು ತಾಕು ಸುಮಾರು 180 ಮೀಟರ್ ಅಗಲ, 900 ಮೀಟರ್ ಉದ್ದ. ಅಂಥ ಐದು ಸೇರಿದರೆ ಒಂದು ಚೌಕ. 400 ವರ್ಷವಾದರೂ ಆ ಗೆರೆಗಳು ಅಳಿಸಿಲ್ಲ. ಅದಕ್ಕೇ 1999ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ರಸ್ತೆಗಳೆಲ್ಲ ಅಡಿಕೋಲು ಇಟ್ಟು ಎಳೆದಂತಿವೆ. ಇಕ್ಕೆಲದಲ್ಲೂ ಹೊಲದ ನೀರು ಬಸಿಯುವ ಕಾಲುವೆ, ಆಚೆ ಆಲೂಗೆಡ್ಡೆ, ಈರುಳ್ಳಿ, ಹುಲ್ಲುಗಾವಲು. ತೋಟದ ಮನೆಗಳ ಛಾವಣಿ ಪಿರಮಿಡ್‌ನಂತೆ ನಾಲ್ಕು ಕಡೆಯಿಂದ ಏರಿ ತುದಿಯಲ್ಲಿ ಕೂಡುತ್ತದೆ. ಒಂದೇ ಛಾವಣಿಯ ಕೆಳಗೆ ಮನೆಯವರು, ಹಸುಗಳು, ನಡುವೆ ಹುಲ್ಲಿನ ರಾಶಿ, ಇದು ಹಳೆಯ ಕ್ರಮ. ನಮ್ಮ ಮಲೆನಾಡಿನಲ್ಲೂ ಹಳೆಯ ಮನೆಗಳಲ್ಲಿ ಕೊಟ್ಟಿಗೆ ಒಳಗೇ ಇರುತ್ತಿತ್ತು ಎಂದು ಚಿನ್ಮಯನಿಗೆ ಹೇಳಿದೆ. “ವಾಸನೆ ಬರಲ್ವಾ?” ಎಂದ. ಬರುತ್ತದೆ, ಚಳಿಗೆ ಬೆಚ್ಚಗೂ ಇರುತ್ತದೆ ಎಂದೆ.

ಹುಲ್ಲುಗಾವಲಿನಲ್ಲಿ ಕಪ್ಪುಬಿಳಿ ಹಸುಗಳು ಮೇಯುತ್ತಿದ್ದವು. ಅವನ್ನು ನೋಡಿ ನನಗೆ ನೆಂಟರನ್ನು ಕಂಡಂತಾಯಿತು. ನಮ್ಮ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕುವವರು ಸಾಕುವ ಎಚ್.ಎಫ್. ಹಸು ಎಂದರೆ ಹೋಲ್‌ಸ್ಟೀನ್ ಫ್ರೀಸಿಯನ್. ಅದರ ಮೂಲ ನೆದರ್‌ಲ್ಯಾಂಡ್ಸ್‌ನ ಫ್ರೀಸ್‌ಲ್ಯಾಂಡ್ ಪ್ರಾಂತ್ಯ ಮತ್ತು ಉತ್ತರ ಜರ್ಮನಿ. ಈ ತಳಿಯ ಹಸುವಿಗೆ ಸಾಲ ಕೊಟ್ಟ ಅರ್ಜಿಗಳನ್ನು ನಾನು ಎಷ್ಟು ಬರೆದಿದ್ದೇನೋ, ತವರುಮನೆ ನೋಡಿದ್ದು ಈಗ.

ಮಿಡನ್‌ಬೇಮ್‌ಸ್ಟರ್ ಎಂಬ ಹಳ್ಳಿಯನ್ನು ದಾಟಿ ಪಶ್ಚಿಮಕ್ಕೆ ಹೋಗುವಾಗ, ಒಂದು ತೋಟದ ಮನೆಯ ಗೇಟಿನ ಮುಂದೆ ಸಣ್ಣ ಮರದ ಗೂಡು ಕಾಣಿಸಿತು. ಗೂಡಿನಲ್ಲಿ ಮೊಟ್ಟೆ, ಬಾಟಲಿಯಲ್ಲಿ ಜಾಮ್, ಡಬ್ಬಿಗಳಲ್ಲಿ ಸ್ಟ್ರಾಬೆರಿ. ಬೆಲೆ ಬರೆದ ಹಲಗೆ. ಪಕ್ಕದಲ್ಲಿ ಬೀಗ ಹಾಕಿದ ಪುಟ್ಟ ಕಬ್ಬಿಣದ ಹುಂಡಿ. ಮಾರುವವರು ಯಾರೂ ಇಲ್ಲ. ಬೇಕಾದ್ದನ್ನು ತೆಗೆದುಕೊಂಡು ದುಡ್ಡನ್ನು ಹುಂಡಿಗೆ ಹಾಕಿ ಹೋಗುವುದು. ಆ ದೇಶದ ಹಳ್ಳಿಗಳಲ್ಲಿ ಇದು ಸಾಮಾನ್ಯ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಕ್ಯಾಷಿಯರ್ ಇಲ್ಲದ ಕೌಂಟರ್! ಅಷ್ಟರಲ್ಲಿ ಚಿನ್ಮಯ ಒಂದು ಡಬ್ಬಿ ತೆರೆದು ಎರಡು ಹಣ್ಣು ಬಾಯಿಗೆ ಹಾಕಿಯಾಗಿತ್ತು.

ಬೆಲೆ 3 ಯೂರೋ. ಜೇಬಿಗೆ ಕೈ ಹಾಕಿದರೆ ನನ್ನ ಹತ್ತಿರ ಇದ್ದದ್ದು 50 ಯೂರೋ ನೋಟು ಒಂದೇ. ಹುಂಡಿ ಚಿಲ್ಲರೆ ಕೊಡುವುದಿಲ್ಲ. ಚಿನ್ಮಯನ ಜೇಬಿನಲ್ಲಿ ಒಂದು ಗುಂಡಿ, ಒಂದು ರಬ್ಬರು. ಮನೆಯ ಗಂಟೆ ಒತ್ತಿದೆವು, ಯಾರೂ ಬರಲಿಲ್ಲ. ತಿಂದ ಹಣ್ಣನ್ನು ವಾಪಸ್ ಇಡುವ ಹಾಗಿಲ್ಲ. ಕೊನೆಗೆ ನನ್ನ ಡೈರಿಯಿಂದ ಒಂದು ಹಾಳೆ ಹರಿದು ಇಂಗ್ಲಿಷಿನಲ್ಲಿ ಬರೆದೆ: ಒಂದು ಡಬ್ಬಿ ಸ್ಟ್ರಾಬೆರಿ ತೆಗೆದುಕೊಂಡಿದ್ದೇನೆ, 3 ಯೂರೋ ಬಾಕಿ, ಸಂಜೆಯೊಳಗೆ ತಂದುಕೊಡುತ್ತೇನೆ. ದಿನಾಂಕ, ಸಮಯ ಹಾಕಿ ಸಹಿ ಮಾಡಿದೆ. ಚೀಟಿಯನ್ನು ಮೊಟ್ಟೆಯ ಪೆಟ್ಟಿಗೆಯ ಕೆಳಗೆ ಸಿಕ್ಕಿಸಿ ಹೊರಟೆವು. ಹಣ್ಣು ಬಹಳ ಚೆನ್ನಾಗಿತ್ತು. ಆದರೂ ಸಾಲದ ಹಣ್ಣು ನೋಡಿ, ನಾನು ನಾಲ್ಕೇ ತಿಂದೆ.

ಡೆ ರೈಪ್ ಎಂಬ ಚೆಂದದ ಊರು ಏರಿಯ ಆಚೆಗಿದೆ. ಅಲ್ಲಿ ಹುಟ್ಟಿದವನು ಯಾನ್ ಆದ್ರಿಯಾನ್‌ಸ್ಜೋನ್ ಲೇಖ್‌ವಾಟರ್. ಹುಟ್ಟಿದ್ದು 1575ರಲ್ಲಿ. ಬೇಮ್‌ಸ್ಟರ್ ಸರೋವರ ಬತ್ತಿಸಲು ಗಾಳಿಯಂತ್ರಗಳನ್ನು ನಿಲ್ಲಿಸಿದವರಲ್ಲಿ ಪ್ರಮುಖ. ಲೇಖ್‌ವಾಟರ್ ಎಂದರೆ ‘ಖಾಲಿ ನೀರು’ ಎಂದು ಚಿನ್ಮಯ ಅರ್ಥ ಹೇಳಿದ. ಊರಿನ ಪುರಭವನದ ನಕ್ಷೆಯೂ ಅವನದೇ, 1630ರ ಕಟ್ಟಡ. ಅದರ ಎದುರು ನಿಂತು ಒಂದು ಫೋಟೊ ತೆಗೆಸಿಕೊಂಡೆ. ಈ ಮನುಷ್ಯ ಮುದುಕನಾದ ಮೇಲೂ ಸುಮ್ಮನೆ ಕೂರಲಿಲ್ಲ. ಹಾರ್ಲೆಮ್ ಸರೋವರ ಇನ್ನೂ ದೊಡ್ಡದು, 160 ಗಾಳಿಯಂತ್ರ ಇಟ್ಟರೆ ಅದನ್ನೂ ಬತ್ತಿಸಬಹುದು ಎಂದು 1641ರಲ್ಲಿ ಪುಸ್ತಕ ಬರೆದ. ಆಗ ಯಾರೂ ಕೈಹಾಕಲಿಲ್ಲ. ಇನ್ನೂರು ವರ್ಷದ ಮೇಲೆ ಹಬೆಯಂತ್ರಗಳು ಬಂದವು, 1852ಕ್ಕೆ ಆ ಸರೋವರವೂ ಬರಿದಾಯಿತು. ಬತ್ತಿಸಿದ ಮೂರು ಯಂತ್ರಗಳಲ್ಲಿ ಒಂದಕ್ಕೆ ಲೇಖ್‌ವಾಟರ್ ಎಂದೇ ಹೆಸರಿಟ್ಟರು. ಇವತ್ತು ಆ ಸರೋವರದ ತಳದಲ್ಲಿ ಏನಿದೆ ಗೊತ್ತೆ, ಮಕ್ಕಳೇ? ಸ್ಕಿಪೋಲ್ ವಿಮಾನ ನಿಲ್ದಾಣ. ನಾನು ಬೆಂಗಳೂರಿನಿಂದ ಹೋಗಿ ಇಳಿದದ್ದು ಅಲ್ಲೇ. ಇಳಿದದ್ದು ಸಮುದ್ರಮಟ್ಟದ ಕೆಳಕ್ಕೆ ಎಂದು ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೆಂಡತಿ ವಿಮಾನದಲ್ಲೇ ಕೂತಿರುತ್ತಿದ್ದಳು.

ಏರಿಯ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿಂದೆವು. ಸುತ್ತ ಕುರಿಗಳು. ಏರಿಯ ಮೇಲೆ ಕುರಿ ಮೇಯಿಸುವುದಕ್ಕೂ ಕಾರಣವಿದೆ. ಅವು ಹುಲ್ಲನ್ನು ಗಿಡ್ಡವಾಗಿ ಕತ್ತರಿಸುತ್ತವೆ, ಹುಲ್ಲಿನ ಬೇರು ಮಣ್ಣನ್ನು ಹಿಡಿಯುತ್ತದೆ, ಪುಟ್ಟ ಗೊರಸುಗಳು ಮಣ್ಣನ್ನು ತುಳಿದು ಗಟ್ಟಿ ಮಾಡುತ್ತವೆ. ಭಾರದ ಹಸುಗಳಾದರೆ ಏರಿ ಕುಸಿದೀತು. ಒಂದು ಕುರಿಗೆ ಕಡಲೆಬೀಜದ ಮೇಲೆ ಆಸೆಯಾಗಿ ಡಬ್ಬಿಗೇ ಮೂತಿ ಹಾಕಲು ಬಂತು.

ಅಲ್ಲಿಂದ ಉತ್ತರಕ್ಕೆ ಸ್ಖೆರ್ಮರ್‌ಹೊರ್ನ್‌ಗೆ ಹೋಗುವಾಗ ಗಾಳಿ ಬೆನ್ನಿಗಿತ್ತು. ನಾನು ನನ್ನ ಕಾಲಿನ ಬಲವೆಂದೇ ಭಾವಿಸಿ ಬೀಗಿದೆ.

ಸ್ಖೆರ್ಮರ್ ಎನ್ನುವುದೂ ಒಂದು ಸರೋವರವಾಗಿತ್ತು. 1635ರ ಹೊತ್ತಿಗೆ 52 ಗಾಳಿಯಂತ್ರಗಳು ಅದನ್ನು ಬತ್ತಿಸಿದವು. ಸ್ಖೆರ್ಮರ್‌ಹೊರ್ನ್‌ನಲ್ಲಿ ಸಾಲಾಗಿ ನಿಂತಿರುವ ಮೂರು ಯಂತ್ರಗಳಲ್ಲಿ ಒಂದರ ಒಳಕ್ಕೆ ಹೋಗಬಹುದು. ಟಿಕೆಟ್ ಕೊಂಡೆ, ನೋಟು ಮುರಿಯಿತು. ಆ ಚಿಲ್ಲರೆ ಕೈಗೆ ಬಂದಾಗ ಆದ ಸಮಾಧಾನ ಟಿಕೆಟಿಗಿಂತ ದೊಡ್ಡದು. ಒಳಗೆ ಗಾಳಿಯಂತ್ರ ನೋಡಿಕೊಳ್ಳುವವನ ಕುಟುಂಬ ವಾಸವಿದ್ದ ಕೋಣೆಗಳು, ಗೋಡೆಯಲ್ಲೇ ಕಪಾಟಿನಂಥ ಮಂಚ. ಕೆಳಗೆ ಮರದ ದೈತ್ಯ ತಿರುಪು. ಇಳಿಜಾರಾಗಿ ಮಲಗಿಸಿದ ಆ ತಿರುಪು ತಿರುಗಿದರೆ ಅದರ ಸುರುಳಿಯಲ್ಲಿ ನೀರು ಮೇಲಕ್ಕೆ ಹತ್ತುತ್ತದೆ. ಒಂದು ಯಂತ್ರ ಎತ್ತುವುದು ಸುಮಾರು ಒಂದು ಮೀಟರ್ ಮಾತ್ರ. ಅದು ಎತ್ತಿದ್ದನ್ನು ಮೇಲಿನ ಯಂತ್ರ ತೆಗೆದುಕೊಂಡು ಇನ್ನಷ್ಟು ಎತ್ತುತ್ತದೆ, ಮದುವೆಮನೆಯಲ್ಲಿ ಎಲೆ ಕೈಯಿಂದ ಕೈಗೆ ದಾಟಿದಂತೆ.

“ಈಗ ಯಾರು ಎತ್ತುತ್ತಾರೆ?” ಎಂದು ಕೇಳಿದೆ. ಚಿನ್ಮಯನಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಈಗ ಕರೆಂಟಿನ ಪಂಪುಗಳಿವೆ. ಅವನ್ನು ನೋಡಿಕೊಳ್ಳಲು ನೀರು ಮಂಡಳಿಗಳಿವೆ. ಅವಕ್ಕೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ, ಪ್ರತಿ ಮನೆಯವರೂ ತೆರಿಗೆ ಕೊಡಬೇಕು. ಮಳೆ ಬಿದ್ದರೆ, ಕೆಳಗಿನಿಂದ ನೀರು ಜಿನುಗಿದರೆ ಎತ್ತುತ್ತಲೇ ಇರಬೇಕು. ನಿಲ್ಲಿಸಿದರೆ? “ನಿಲ್ಲಿಸಿದರೆ ಮತ್ತೆ ಸರೋವರ” ಎಂದ, ಬಹಳ ಸಲೀಸಾಗಿ. ನಮ್ಮ ಬ್ಯಾಂಕಿನಲ್ಲೂ ದಿನದ ಲೆಕ್ಕ ದಿನವೇ ಕೂಡಬೇಕಿತ್ತು. ಅದು ಕಷ್ಟವೆಂದು ಗೊಣಗುತ್ತಿದ್ದೆವು. ಈ ಜನ 400 ವರ್ಷದಿಂದ ನೀರಿನ ಲೆಕ್ಕ ಕೂಡಿಸುತ್ತಿದ್ದಾರೆ, ಭಾನುವಾರವೂ ರಜೆಯಿಲ್ಲ.

ಹೊರಗೆ ಬಂದಾಗ ಗಂಟೆ ನಾಲ್ಕಾಗಿತ್ತು. ಗಾಳಿ ಜೋರಾಗಿತ್ತು. ಚಿನ್ಮಯನ ಚೀಟಿಯ ಪ್ರಕಾರ ನಾವು ಪೂರ್ವಕ್ಕೆ ತಿರುಗಿ ಬೇರೆ ದಾರಿಯಲ್ಲಿ ಮನೆಗೆ ಹೋಗಬೇಕು. ಸ್ಟ್ರಾಬೆರಿ ಮನೆಗೆ ಹೋಗಬೇಕೆಂದರೆ ದಕ್ಷಿಣಕ್ಕೆ, ಗಾಳಿಗೆ ಎದುರಾಗಿ ತುಳಿಯಬೇಕು.

“ನಾಳೆ ಅಪ್ಪನ ಕಾರಲ್ಲಿ ಹೋಗಿ ಕೊಡೋಣ ತಾತ. ನಂಗೆ ಕಾಲು ನೋವು.”

“ಸಂಜೆಯೊಳಗೆ ಅಂತ ಬರೆದುಕೊಟ್ಟಿದ್ದೀವಿ ಕಣೋ. ಪಂಪಿನವರು ನಾಳೆ ಎತ್ತೋಣ ಅಂದರೆ?”

“ಅದು ನೀರು ತಾತ. ಇದು ಮೂರು ಯೂರೋ!”

ಹುಡುಗ ಹೇಳಿದ್ದರಲ್ಲಿ ತಪ್ಪೇನಿಲ್ಲ. ನನ್ನ ಮಂಡಿಯೂ ಅವನ ಪಕ್ಷದಲ್ಲೇ ಇತ್ತು. ಆದರೆ ನನಗೆ 1984ರ ಒಂದು ಸಂಜೆ ನೆನಪಾಯಿತು. ಅದನ್ನು ಅಲ್ಲೇ ನಿಂತು ಅವನಿಗೆ ಹೇಳಿದೆ. ಅವತ್ತು ಕ್ಯಾಶ್‌ನಲ್ಲಿ 50 ರೂಪಾಯಿ ಹೆಚ್ಚಿಗೆ ಬಂತು. ಹೆಚ್ಚಿಗೆ ಬಂತೆಂದರೆ ಯಾರಿಗೋ ಕಡಿಮೆ ಕೊಟ್ಟಿದ್ದೇನೆ ಎಂದರ್ಥ. ಯಾರೆಂದು ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಎಮ್ಮೆ ಮಾರಿದ ಹಣ ತೆಗೆಯಲು ಬಂದಿದ್ದ ಒಬ್ಬ ಅಜ್ಜಿ. ಅವಳ ಹಳ್ಳಿ ಆರು ಕಿಲೋಮೀಟರ್. ಮಳೆ ಬರುವಂತಿತ್ತು. ನಾಳೆ ಕೊಟ್ಟರಾಯಿತು ಎಂದುಕೊಂಡು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಸೈಕಲ್ಲಿನಲ್ಲಿ ಹೋದರೆ ಆ ಮನೆಯ ಮುಂದೆ ಜನ ಸೇರಿದ್ದರು. ಐವತ್ತು ರೂಪಾಯಿ ಸೊಸೆ ತೆಗೆದಳೆಂದು ರಾತ್ರಿಯೆಲ್ಲ ಜಗಳವಾಗಿ, ಆ ಹುಡುಗಿ ಮಗುವನ್ನು ಎತ್ತಿಕೊಂಡು ತವರಿಗೆ ಹೊರಟು ನಿಂತಿದ್ದಳು. ನಾನು ಹಣ ಕೊಟ್ಟು ತಪ್ಪು ನನ್ನದೆಂದು ಹೇಳಿದೆ. ಅಜ್ಜಿ ನನ್ನನ್ನು ಬಯ್ಯಲಿಲ್ಲ. ಆ ಸೊಸೆ ಮಾತ್ರ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಇದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಚಿನ್ಮಯ ಏನೂ ಹೇಳಲಿಲ್ಲ. ಗಾಳಿಯ ಕಡೆ ನೋಡಿದ. “ಚೀಟಿ ಹಾರಿಹೋಗಿದ್ರೆ?” ಎಂದ. ಆಮೇಲೆ ದಕ್ಷಿಣಕ್ಕೆ ಸೈಕಲ್ ತಿರುಗಿಸಿದ.

ಎದುರುಗಾಳಿ ಎಂದರೇನೆಂದು ಅವತ್ತು ತಿಳಿಯಿತು. ಬೆಟ್ಟವಿಲ್ಲ, ಗುಡ್ಡವಿಲ್ಲ, ತಡೆಯಲು ಒಂದು ಬಂಡೆಯೂ ಇಲ್ಲ. ಸಮುದ್ರದ ಮೇಲಿಂದ ಎದ್ದ ಗಾಳಿ ನೇರ ಎದೆಗೆ ಬರುತ್ತದೆ. ನೆಲ ಚಪ್ಪಟೆ, ಆದರೂ ಶ್ರವಣಬೆಳಗೊಳದ ಬೆಟ್ಟ ಹತ್ತಿದಂತಾಯಿತು. ಎರಡು ಕಡೆ ಇಳಿದು ತಳ್ಳಿದೆ. ಚಿನ್ಮಯ ಮುಂದೆ ಹೋಗಿ, ನಿಂತು, ನಾನು ಬಂದ ಮೇಲೆ ಮತ್ತೆ ಮುಂದೆ ಹೋಗುತ್ತಿದ್ದ. ಬೇಸರವೋ ಸಿಟ್ಟೋ, ಒಂದು ಮಾತೂ ಆಡಲಿಲ್ಲ.

ಗೂಡಿನ ಹತ್ತಿರ ಬಂದು ನೋಡಿದರೆ ಮೊಟ್ಟೆಯ ಪೆಟ್ಟಿಗೆಯೂ ಇಲ್ಲ, ಚೀಟಿಯೂ ಇಲ್ಲ. ಎದೆ ಧಸಕ್ಕೆಂದಿತು. ಚಿನ್ಮಯ ಚರಂಡಿಯ ಅಂಚಿನಲ್ಲಿ ಹುಡುಕತೊಡಗಿದ. ಅಷ್ಟರಲ್ಲಿ ಮನೆಯ ಬಾಗಿಲು ತೆರೆದು, ರಬ್ಬರ್ ಬೂಟು ತೊಟ್ಟ ಒಬ್ಬ ಹೆಂಗಸು ಬಂದರು. ಅರವತ್ತು ದಾಟಿರಬೇಕು. ಕೈಯಲ್ಲಿ ನನ್ನ ಚೀಟಿ! ಮೊಟ್ಟೆಯ ಪೆಟ್ಟಿಗೆಯನ್ನು ಒಳಗಿಡಲು ಎತ್ತಿದಾಗ ಸಿಕ್ಕಿತಂತೆ. ನಾನು 5 ಯೂರೋ ನೋಟು ಕೊಟ್ಟೆ. ಅವರು ಒಳಗೆ ಹೋಗಿ 2 ಯೂರೋ ನಾಣ್ಯ ತಂದು ನನ್ನ ಕೈಯಲ್ಲಿಟ್ಟರು. ಬೇಡ, ಇಟ್ಟುಕೊಳ್ಳಿ ಎಂದರೂ ಕೇಳಲಿಲ್ಲ. ಲೆಕ್ಕ ಲೆಕ್ಕವೇ.

ಆಮೇಲೆ ಅವರು ಚೀಟಿಯ ಕೆಳಗೆ ಬೆರಳಿಟ್ಟು ಚಿನ್ಮಯನನ್ನು ಡಚ್ ಭಾಷೆಯಲ್ಲಿ ಏನೋ ಕೇಳಿದರು. ಬೆಳಿಗ್ಗೆ ಅವಸರದಲ್ಲಿ ನಾನು ಬ್ಯಾಂಕಿನ ಅಭ್ಯಾಸದಂತೆ ಕನ್ನಡದಲ್ಲೇ ಸಹಿ ಮಾಡಿದ್ದೆ. ಇದು ಚಿತ್ರವೋ ಅಕ್ಷರವೋ ಎನ್ನುವುದು ಅವರ ಪ್ರಶ್ನೆ. ಚಿನ್ಮಯ ಚೀಟಿಯನ್ನು ನೋಡಿದ, ನನ್ನನ್ನು ನೋಡಿದ.

“ತಾತ, ಇಲ್ಲಿ ಏನು ಬರ್ದಿದೀಯ?”

“ನನ್ನ ಹೆಸರು ಕಣೋ.”

ಅವನ ಕಿವಿ ಕೆಂಪಾಯಿತು. ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಇದು ನನಗೆ ಗೊತ್ತಿದ್ದದ್ದೇ, ಮಗಳಿಗೆ ಎರಡು ಸಲ ಹೇಳಿ ಸುಮ್ಮನಾಗಿದ್ದೆ. ಆದರೂ ನನ್ನ ಹೆಸರನ್ನು ಆ ಹೆಂಗಸಿನಂತೆಯೇ ಅವನೂ ದುರುಗುಟ್ಟಿ ನೋಡಿದ್ದು ಕಂಡಾಗ ತರಚಿದ ಮೊಣಕೈಗಿಂತ ಹೆಚ್ಚು ಉರಿಯಿತು. ಅವರು ಚೀಟಿಯನ್ನು ತಾವೇ ಇಟ್ಟುಕೊಳ್ಳುವುದಾಗಿ ಹೇಳಿ ಕೈಬೀಸಿ ಒಳಗೆ ಹೋದರು.

ಮರಳುವಾಗ ಗಾಳಿ ಮತ್ತೆ ಬೆನ್ನ ಹಿಂದಿತ್ತು. ಪುರ್ಮರೆಂಡ್ ಸೇತುವೆಯ ಹತ್ತಿರ ಬೆಂಚಿನ ಮೇಲೆ ಕೂತೆವು. ಗಂಟೆ ಏಳಾದರೂ ನಡುಹಗಲಿನಂಥ ಬಿಸಿಲು, ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಹತ್ತಕ್ಕೆ. ಚಿನ್ಮಯ ಹ್ಯಾಂಡಲ್ಲಿನ ಸಂಖ್ಯೆಗಳ ಚೀಟಿಯನ್ನು ಕಿತ್ತು, ಹಿಂಬದಿ ತಿರುಗಿಸಿ ನನ್ನ ಮುಂದೆ ಹಿಡಿದ.

“ನನ್ನ ಹೆಸರು ಬರಿ.”

ಬರೆದೆ. ಚಿನ್ಮಯ. ಅವನು ಬಹಳ ಹೊತ್ತು ನೋಡಿದ.

“ಇದೇನು, ಕೆಳಗೆ ನೇತಾಡ್ತಿರೋದು?”

“ಅದು ಒತ್ತಕ್ಷರ. ನ ಮೇಲೆ, ಮ ಕೆಳಗೆ.”

“ಓ, ಇದು ಸಮುದ್ರಮಟ್ಟದ ಕೆಳಗೆ” ಎಂದ.

ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದ. ಎರಡು ಮಾರು ಹೋಗಿ ತಿರುಗಿ ಕೂಗಿದ: “ತಾತ, ಮನೆ ಮುಂದೆ ಅಜ್ಜಿ ನಿಂತಿರ್ತಾಳೆ. ಹಿಂದಕ್ಕೆ ತುಳೀಬೇಡ!”